ಥೈಮೋಮಾ ಕೋಶಗಳ ಕಲ್ಚರ್: ಜಿಲ್ಲಾ ಕೇಂದ್ರದ ಪ್ರಯೋಗಾಲಯಕ್ಕೆ ಯಾವ ವಿಧಾನ ಹೊಂದುತ್ತದೆ?

ಎದೆಯ ಮೂಳೆಯ ಹಿಂದೆ, ಹೃದಯದ ಮೇಲ್ಭಾಗದಲ್ಲಿರುವ ಥೈಮಸ್ ಗ್ರಂಥಿಯ ಹಂದರವಾಗಿರುವ ಎಪಿಥೀಲಿಯಲ್ ಕೋಶಗಳಿಂದ ಹುಟ್ಟುವ ಗಡ್ಡೆಗಳಲ್ಲಿ ಥೈಮೋಮಾ ಮುಖ್ಯವಾದುದು. ಅದಕ್ಕಿಂತ ಅಪರೂಪದ, ಹೆಚ್ಚು ಉಗ್ರವಾದ ರೂಪವೇ ಥೈಮಿಕ್ ಕಾರ್ಸಿನೋಮಾ. ಈ ಗಡ್ಡೆಗಳ ಕೋಶಗಳನ್ನು ದೇಹದ ಹೊರಗೆ ಬೆಳೆಸಿ ಅಧ್ಯಯನ ಮಾಡಲು ಬಯಸುವವರು ಸಿದ್ಧ ಸೆಲ್ ಲೈನ್ (ತಟ್ಟೆಯಲ್ಲಿ ಕೊನೆಯಿಲ್ಲದೆ ಬೆಳೆಯುವ ಕೋಶಗಳ ತಳಿ) ತರಿಸಿಕೊಳ್ಳಬಹುದು, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯಿಂದ ನೇರವಾಗಿ ಪ್ರೈಮರಿ ಕಲ್ಚರ್ ಮಾಡಬಹುದು, ಇಲಿಯ ಫೀಡರ್ (ಆಸರೆಯ) ಕೋಶಗಳ ಮೇಲೆ ಬೆಳೆಸಬಹುದು, ಮೂರು ಆಯಾಮದ ಕಲ್ಚರ್‌ಗೆ ಹೋಗಬಹುದು, ಇಲ್ಲವೇ ರೋಗನಿರೋಧಕ ಶಕ್ತಿಯಿಲ್ಲದ ಇಲಿಯ ಮೈಯಲ್ಲಿ ನಾಟಿ ಮಾಡಬಹುದು. ಒಂದು ಬಯೋಸೇಫ್ಟಿ ಕ್ಯಾಬಿನೆಟ್, ಒಂದು ಕಾರ್ಬನ್ ಡೈಆಕ್ಸೈಡ್ ಇನ್‌ಕ್ಯುಬೇಟರ್, ಒಂದು ಇನ್ವರ್ಟೆಡ್ ಮೈಕ್ರೋಸ್ಕೋಪ್ ಇರುವ, ಕೋಲಾರದಂಥ ಜಿಲ್ಲಾ ಕೇಂದ್ರದ ವಿಭಾಗದಲ್ಲಿ ಕೆಲಸ ಮಾಡುವ ಅಧ್ಯಾಪಕರು ಮತ್ತು ಸಂಶೋಧನಾ ವಿದ್ಯಾರ್ಥಿಗಳನ್ನು ಗಮನದಲ್ಲಿಟ್ಟುಕೊಂಡು ಈ ದಾರಿಗಳನ್ನು ಇಲ್ಲಿ ಹೋಲಿಸಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ವಿಧಾನವನ್ನು ನಿರ್ಧರಿಸಬೇಕಾದುದು ನಮ್ಮಲ್ಲಿರುವ ಉಪಕರಣವಲ್ಲ, ಕೈಗೆ ಬಂದ ಗಡ್ಡೆ ಯಾವ ಬಗೆಯದು ಮತ್ತು ಅದರಿಂದ ನಾವು ಕೇಳುತ್ತಿರುವ ಪ್ರಶ್ನೆ ಯಾವುದು ಎಂಬುದು.

ಮೊದಲಿಗೆ ಸಂಖ್ಯೆಯನ್ನು ನೋಡೋಣ. ಅಮೆರಿಕದ ದಾಖಲೆಗಳ ಪ್ರಕಾರ ಥೈಮೋಮಾ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಹೆಚ್ಚುಕಡಿಮೆ 1.3 ಮಂದಿಗೆ ಬರುತ್ತದೆ. 2011ರ ಜನಗಣತಿಯಲ್ಲಿ ಕೋಲಾರ ಜಿಲ್ಲೆಯ ಜನಸಂಖ್ಯೆ 15.4 ಲಕ್ಷದಷ್ಟಿತ್ತು, ಚಿಕ್ಕಬಳ್ಳಾಪುರದ 12.6 ಲಕ್ಷವನ್ನೂ ತುಮಕೂರಿನ 26.8 ಲಕ್ಷವನ್ನೂ ಸೇರಿಸಿದರೆ ಸುಮಾರು 55 ಲಕ್ಷವಾಗುತ್ತದೆ. ಅಮೆರಿಕದ ದರವನ್ನೇ ಇಲ್ಲಿಗೂ ಹಿಡಿದರೆ, ಮೂರು ಜಿಲ್ಲೆಗಳಿಂದ ಸೇರಿ ವರ್ಷಕ್ಕೆ ಏಳೆಂಟು ರೋಗಿಗಳು. ಅವರಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾಗುವವರು, ಸಂಶೋಧನೆಗೆ ಒಪ್ಪುವವರು, ರೋಗನಿರ್ಣಯಕ್ಕೆ ಬೇಕಾದಷ್ಟು ತೆಗೆದ ಮೇಲೂ ಅಂಗಾಂಶ ಉಳಿಯುವವರು ಎಷ್ಟು ಮಂದಿ ಎಂದು ಲೆಕ್ಕ ಹಾಕಿದರೆ, ಮೂರು ವರ್ಷದ ಪಿಎಚ್‌ಡಿ ಅವಧಿಯಲ್ಲಿ ಬೆರಳೆಣಿಕೆಯ ಮಾದರಿಗಳಷ್ಟೇ ಸಿಕ್ಕಾವು. ಸ್ತನ ಕ್ಯಾನ್ಸರ್ ಅಥವಾ ಬಾಯಿ ಕ್ಯಾನ್ಸರಿನ ಮೇಲೆ ಕೆಲಸ ಮಾಡುವವರಿಗೆ ಒಂದು ಮಾದರಿ ಕೆಟ್ಟರೆ ಮುಂದಿನ ವಾರ ಇನ್ನೊಂದು ಸಿಗುತ್ತದೆ, ಇಲ್ಲಿ ಹಾಗಲ್ಲ. ಮುಂದಿನ ಹೋಲಿಕೆಯನ್ನೆಲ್ಲ ಈ ಕೊರತೆಯ ಹಿನ್ನೆಲೆಯಲ್ಲೇ ಓದಬೇಕು.

ಈ ಗಡ್ಡೆಯ ಒಳಗೇನಿದೆ

ಬೇರೆ ಗಡ್ಡೆಗಳ ಕಲ್ಚರ್‌ನಲ್ಲಿ ಪಳಗಿದವರನ್ನೂ ಥೈಮೋಮಾ ಗೊಂದಲಕ್ಕೆ ಕೆಡವುತ್ತದೆ. ಕ್ಯಾನ್ಸರ್ ಆಗಿರುವುದು ಎಪಿಥೀಲಿಯಲ್ ಕೋಶ. ಆದರೆ ಗಡ್ಡೆಯಲ್ಲಿ ಬಹುಸಂಖ್ಯಾತವಾಗಿರುವುದು ಹಲವು ಸಲ ಕ್ಯಾನ್ಸರ್ ಅಲ್ಲದ, ಇನ್ನೂ ಬಲಿಯದ ಟಿ ಕೋಶಗಳೆಂಬ ಬಿಳಿ ರಕ್ತಕಣಗಳು, ಅಂದರೆ ಟಿ ಲಿಂಫೋಸೈಟ್‌ಗಳು. ಥೈಮಸ್ ಗ್ರಂಥಿಯ ಕೆಲಸವೇ ಟಿ ಕೋಶಗಳನ್ನು ಬೆಳೆಸಿ ತರಬೇತುಗೊಳಿಸುವುದಾದ್ದರಿಂದ, ಗಡ್ಡೆಯಾದ ಮೇಲೂ ಆ ಎಪಿಥೀಲಿಯಲ್ ಕೋಶಗಳು ಹಳೆಯ ಕಸುಬನ್ನು ಪೂರ್ತಿ ಬಿಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ನಿಂತಿರುವುದು ಬಹುಮಟ್ಟಿಗೆ ಈ ಎರಡು ಕೋಶಗಳ ಪ್ರಮಾಣ ಮತ್ತು ರೂಪದ ಮೇಲೆ. ಎ ಬಗೆಯಲ್ಲಿ ಕದಿರಿನಾಕಾರದ ಎಪಿಥೀಲಿಯಲ್ ಕೋಶಗಳೇ ಹೆಚ್ಚು, ಲಿಂಫೋಸೈಟ್ ಕಡಿಮೆ. ಬಿ1 ಬಗೆಯಲ್ಲಿ ಲಿಂಫೋಸೈಟ್‌ಗಳ ದಟ್ಟಣೆಯ ನಡುವೆ ಎಪಿಥೀಲಿಯಲ್ ಕೋಶಗಳನ್ನು ಹುಡುಕಬೇಕು. ಬಿ3 ಮತ್ತು ಕಾರ್ಸಿನೋಮಾದಲ್ಲಿ ಮತ್ತೆ ಎಪಿಥೀಲಿಯಲ್ ಕೋಶಗಳದೇ ಮೇಲುಗೈ. ಎಬಿ ಮತ್ತು ಬಿ2 ಇವುಗಳ ನಡುವೆ ಬರುತ್ತವೆ.

ಥೈಮೋಮಾ ಇರುವವರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಜನರಿಗೆ ಮಯಸ್ತೇನಿಯಾ ಗ್ರೇವಿಸ್ ಎಂಬ ಸ್ನಾಯು ದೌರ್ಬಲ್ಯದ ಕಾಯಿಲೆಯೂ ಇರುತ್ತದೆ, ಅವರಲ್ಲಿ ಕೆಲವರು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಸ್ಟೆರಾಯ್ಡ್ ತೆಗೆದುಕೊಳ್ಳುತ್ತಿರುತ್ತಾರೆ. ಸ್ಟೆರಾಯ್ಡ್ ಬಲಿಯದ ಟಿ ಕೋಶಗಳನ್ನು ಕೊಲ್ಲುತ್ತದೆ. ಹೀಗಾಗಿ ಒಂದೇ ಬಗೆಯ ಎರಡು ಗಡ್ಡೆಗಳು ತಟ್ಟೆಯಲ್ಲಿ ಬೇರೆಬೇರೆಯಾಗಿ ವರ್ತಿಸಿದರೆ, ಜೀನುಗಳನ್ನು ದೂರುವ ಮೊದಲು ಕೇಸ್ ಶೀಟಿನ ಔಷಧಿ ಪಟ್ಟಿಯನ್ನು ನೋಡುವುದು ಒಳ್ಳೆಯದು.

ಸಿದ್ಧ ಸೆಲ್ ಲೈನ್

ಹೊಸದಾಗಿ ಆರಂಭಿಸುವವರಿಗೆ ಎಲ್ಲಕ್ಕಿಂತ ಸುಲಭವಾದದ್ದು ಇದೇ. ಕೋಶಗಳು ಹೆಪ್ಪುಗಟ್ಟಿದ ವಯಲ್‌ನಲ್ಲಿ ಬರುತ್ತವೆ, 37 ಡಿಗ್ರಿಯ ನೀರಿನಲ್ಲಿ ಕರಗಿಸಿ ಫ್ಲಾಸ್ಕಿಗೆ ಹಾಕಿದರೆ ಬೆಳೆಯುತ್ತವೆ, ಇವತ್ತು ಮಾಡಿದ ಪ್ರಯೋಗವನ್ನು ಮುಂದಿನ ತಿಂಗಳು ಅವೇ ಕೋಶಗಳ ಮೇಲೆ ಮತ್ತೆ ಮಾಡಬಹುದು. ತೊಂದರೆಯಿರುವುದು ಆಯ್ಕೆಯಲ್ಲಿ. ಥೈಮಸ್ ಗಡ್ಡೆಯ ಮಾನವ ಸೆಲ್ ಲೈನ್‌ಗಳು ಜಗತ್ತಿನಲ್ಲೇ ಕೆಲವೇ ಕೆಲವು. ಎಬಿ ಬಗೆಯ ಥೈಮೋಮಾದಿಂದ ಅಮೆರಿಕದ ಇಂಡಿಯಾನಾದಲ್ಲಿ ಸಿದ್ಧಪಡಿಸಿ 2012ರಲ್ಲಿ ವರದಿ ಮಾಡಿದ ಐಯು-ಟ್ಯಾಬ್-1 ಅವುಗಳಲ್ಲೊಂದು. ಟಿ1889 ಎಂಬುದು ಥೈಮಿಕ್ ಕಾರ್ಸಿನೋಮಾದಿಂದ ಬಂದದ್ದು. ಜಪಾನಿನಲ್ಲಿ ಸಿದ್ಧವಾದ ಟಿವೈ-82 ಕೂಡ ಥೈಮಿಕ್ ಕಾರ್ಸಿನೋಮಾ ಎಂದೇ ದಾಖಲಾಗಿದ್ದರೂ, ಅದರಲ್ಲಿ 15 ಮತ್ತು 19ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿವೆ. ಈಗ ನಟ್ ಕಾರ್ಸಿನೋಮಾ ಎಂದು ಪ್ರತ್ಯೇಕವಾಗಿ ಗುರುತಿಸಲಾಗುವ ಗಡ್ಡೆ ಅದು. ಸಾಮಾನ್ಯ ಥೈಮೋಮಾದ ಪ್ರಶ್ನೆಗೆ ಟಿವೈ-82ರಿಂದ ಉತ್ತರ ಪಡೆಯಲು ಹೊರಡುವುದು ತಪ್ಪು ವಿಳಾಸಕ್ಕೆ ಕಾಗದ ಹಾಕಿದಂತೆ.

ಇದಕ್ಕಿಂತ ದೊಡ್ಡ ಹಳ್ಳವೊಂದು ಕ್ಯಾಟಲಾಗುಗಳಲ್ಲೇ ಇದೆ. ‘ಥೈಮೋಮಾ’ ಎಂದು ಹುಡುಕಿದಾಗ ಇಎಲ್4, ಬಿಡಬ್ಲ್ಯು5147 ಎಂಬ ಹೆಸರುಗಳು ಕಾಣಿಸಿಕೊಳ್ಳುತ್ತವೆ. ಇವು ಇಲಿಯವು, ಅದಕ್ಕಿಂತ ಮುಖ್ಯವಾಗಿ ಇವು ಟಿ ಲಿಂಫೋಸೈಟ್‌ಗಳ ಕ್ಯಾನ್ಸರ್, ಅಂದರೆ ಲಿಂಫೋಮಾ. ಥೈಮಸ್‌ನಲ್ಲಿ ಎದ್ದ ಗಡ್ಡೆಯನ್ನೆಲ್ಲ ಥೈಮೋಮಾ ಎನ್ನುತ್ತಿದ್ದ ಕಾಲದ ಹೆಸರು ಇಂದಿಗೂ ಉಳಿದುಕೊಂಡಿದೆ. ಅವು ಸುಲಭವಾಗಿ ಸಿಗುತ್ತವೆ, ಚೆನ್ನಾಗಿ ಬೆಳೆಯುತ್ತವೆ. ಆದರೆ ಮಾನವ ಥೈಮೋಮಾದ ಎಪಿಥೀಲಿಯಲ್ ಕೋಶದ ಬಗ್ಗೆ ಏನನ್ನೂ ಹೇಳುವುದಿಲ್ಲ. ಖರೀದಿ ಪತ್ರಕ್ಕೆ ಸಹಿ ಹಾಕುವ ಮೊದಲು ಕೋಶ ಯಾವ ಪ್ರಾಣಿಯದು, ಯಾವ ಬಗೆಯದು, ಎಪಿಥೀಲಿಯಲ್ ಕೋಶದ ಗುರುತಾದ ಕೆರಟಿನ್ ಪ್ರೋಟೀನ್ ಇದೆಯೇ ಎಂಬ ಮೂರನ್ನು ಓದಿಕೊಳ್ಳಬೇಕು.

ಸೆಲ್ ಲೈನ್ ತರಿಸುವವರು ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದ ಭಂಡಾರದ ಪಟ್ಟಿಯನ್ನು ಮೊದಲು ನೋಡಲಿ. ವಿದೇಶದಿಂದಲೇ ತರಿಸಬೇಕಾದರೆ ಡ್ರೈ ಐಸ್‌ನಲ್ಲಿ ಬರುವ ಪೊಟ್ಟಣ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಕಾಗದಪತ್ರಕ್ಕಾಗಿ ಕಾದಷ್ಟೂ ಡ್ರೈ ಐಸ್ ಆವಿಯಾಗುತ್ತಿರುತ್ತದೆ ಎಂಬುದನ್ನು ಮರೆಯಬಾರದು. ಅನುಮತಿಗಳೆಲ್ಲ ಕೈಯಲ್ಲಿರುವಾಗಲೇ ಕಳುಹಿಸಲು ಹೇಳಬೇಕು.

ಪ್ರೈಮರಿ ಕಲ್ಚರ್: ತುಂಡಿನಿಂದಲೋ, ಕಿಣ್ವದಿಂದಲೋ

ರೋಗಿಯ ಗಡ್ಡೆಯಿಂದಲೇ ಕೋಶಗಳನ್ನು ಬೆಳೆಸುವುದು ಈ ವಿಷಯದಲ್ಲಿ ನಿಜವಾದ ಕೆಲಸ, ಕಷ್ಟವೂ ಅದರಲ್ಲೇ. ಎದೆಯನ್ನು ತೆರೆದು ಮಾಡುವ ಇಂಥ ಶಸ್ತ್ರಚಿಕಿತ್ಸೆಗಳು ಹೆಚ್ಚಾಗಿ ಬೆಂಗಳೂರಿನಲ್ಲಿ ನಡೆಯುವುದರಿಂದ, ಮಾದರಿ ಕೋಲಾರಕ್ಕೆ ಸುಮಾರು 70 ಕಿಲೋಮೀಟರ್ ದಾರಿ ಸವೆಸಿ ಬರಬೇಕು, ಕೆ.ಆರ್. ಪುರ ಮತ್ತು ಹೊಸಕೋಟೆಯ ಸಂಚಾರ ದಟ್ಟಣೆಯ ಲೆಕ್ಕವನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು. ಆಂಟಿಬಯೋಟಿಕ್ ಸೇರಿಸಿದ ತಣ್ಣನೆಯ ಮೀಡಿಯಂನಲ್ಲಿ (ಕೋಶಗಳಿಗೆ ಆಹಾರವಾಗುವ ದ್ರವದಲ್ಲಿ), 4 ಡಿಗ್ರಿಯ ಆಸುಪಾಸಿನಲ್ಲಿ, ಮಂಜುಗಡ್ಡೆಗೆ ನೇರವಾಗಿ ತಾಗದಂತೆ ಇಟ್ಟು ತಂದರೆ ಕೆಲವು ಗಂಟೆಗಳ ಪ್ರಯಾಣವನ್ನು ಅಂಗಾಂಶ ತಡೆದುಕೊಳ್ಳುತ್ತದೆ. ಅದಕ್ಕಿಂತ ಮೊದಲ ನಿಯಮವೊಂದಿದೆ: ಗಡ್ಡೆಯನ್ನು ಮೊದಲು ಮುಟ್ಟಬೇಕಾದವರು ಪೆಥಾಲಜಿಸ್ಟ್. ಥೈಮೋಮಾದ ಹಂತವನ್ನು ನಿರ್ಧರಿಸುವುದು ಅದು ತನ್ನ ಪೊರೆಯನ್ನು ದಾಟಿ ಸುತ್ತಲಿನ ಅಂಗಾಂಶಗಳಿಗೆ ಎಷ್ಟು ನುಗ್ಗಿದೆ ಎಂಬುದರ ಮೇಲೆ; 1981ರ ಮಸವೋಕಾ ಹಂತವಿಂಗಡಣೆಯಿಂದ ಹಿಡಿದು ಇಂದಿನವರೆಗೂ ಇದು ಮುಖ್ಯ ಪ್ರಶ್ನೆ. ಗಡ್ಡೆಯ ಅಂಚನ್ನು ಗುರುತಿಸಲು ಶಾಯಿ ಹಚ್ಚುವ ಮೊದಲೇ ಸಂಶೋಧಕರು ಒಂದು ಚೂರು ಕತ್ತರಿಸಿಕೊಂಡರೆ ರೋಗಿಯ ಮುಂದಿನ ಚಿಕಿತ್ಸೆಯೇ ದಾರಿ ತಪ್ಪಬಹುದು. ಪೆಥಾಲಜಿಸ್ಟ್ ಕೊಟ್ಟ ಚೂರು ಚಿಕ್ಕದಾಯಿತೆಂದು ಕೊರಗುವ ಹಕ್ಕು ನಮಗಿಲ್ಲ.

ತಂದ ಚೂರನ್ನು ಬೆಳೆಸಲು ಎರಡು ಕ್ರಮಗಳಿವೆ. ಒಂದು, ಎಕ್ಸ್‌ಪ್ಲಾಂಟ್. ಅಂಗಾಂಶವನ್ನು ಬಫರ್‌ನಲ್ಲಿ ಚೆನ್ನಾಗಿ ತೊಳೆದು, ಕೊಬ್ಬನ್ನೂ ಪೊರೆಯನ್ನೂ ಬಿಡಿಸಿ, ಎರಡು ಸ್ಕಾಲ್ಪೆಲ್ ಬ್ಲೇಡುಗಳನ್ನು ಅಡ್ಡಡ್ಡ ಎಳೆದು ಒಂದು ಮಿಲಿಮೀಟರ್ ಗಾತ್ರದ ತುಣುಕುಗಳಾಗಿ ಕತ್ತರಿಸಬೇಕು. ಕತ್ತರಿಯಿಂದ ಜಜ್ಜಿದರೆ ಅಂಚಿನ ಕೋಶಗಳು ಸಾಯುತ್ತವೆ. ತುಣುಕುಗಳನ್ನು ತಟ್ಟೆಯಲ್ಲಿ ದೂರದೂರಕ್ಕೆ ಇಟ್ಟು, ಅವು ಒಣಗದಷ್ಟು ಮಾತ್ರ ಮೀಡಿಯಂ ಹಾಕಬೇಕು. ಮೊದಲ ದಿನವೇ ತಟ್ಟೆ ತುಂಬ ಮೀಡಿಯಂ ಸುರಿದರೆ ತುಣುಕುಗಳು ತೇಲಿ, ತಳಕ್ಕೆ ಅಂಟುವುದೇ ಇಲ್ಲ. ಅಂಟಿದ ಮೇಲೆ, ಮುಂದಿನ ದಿನಗಳಲ್ಲಿ ತುಣುಕಿನ ಅಂಚಿನಿಂದ ಕೋಶಗಳು ಹಾಳೆಯಂತೆ ಹೊರಹರಡುತ್ತವೆ. ಈ ನಡುವೆ ಲಿಂಫೋಸೈಟ್‌ಗಳು ಸಾವಿರಗಟ್ಟಲೆ ಹೊರಬಂದು ಮೀಡಿಯಂ ಮಸುಕಾಗುತ್ತದೆ. ಹೊಸ ವಿದ್ಯಾರ್ಥಿಗಳು ಇದನ್ನು ಬ್ಯಾಕ್ಟೀರಿಯಾ ಸೋಂಕು ಎಂದುಕೊಂಡು ತಟ್ಟೆಯನ್ನೇ ಬ್ಲೀಚಿಗೆ ಹಾಕಿಬಿಡುವುದುಂಟು. ಮೈಕ್ರೋಸ್ಕೋಪಿನಲ್ಲಿ ಒಂದು ನಿಮಿಷ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ: ಲಿಂಫೋಸೈಟ್‌ಗಳು ಒಂದೇ ಅಳತೆಯ, ದುಂಡಗಿನ, ಹೊಳೆಯುವ ಚುಕ್ಕೆಗಳು, ಬ್ಯಾಕ್ಟೀರಿಯಾ ಅವಕ್ಕಿಂತ ಎಷ್ಟೋ ಪಾಲು ಚಿಕ್ಕವು, ಒಂದೇ ಕಡೆ ನಿಲ್ಲದೆ ಕದಲುತ್ತಿರುತ್ತವೆ. ಒಂದೆರಡು ಬಾರಿ ಮೃದುವಾಗಿ ತೊಳೆದು ಮೀಡಿಯಂ ಬದಲಿಸಿದರೆ ತೇಲುವ ಲಿಂಫೋಸೈಟ್‌ಗಳು ಹೋಗುತ್ತವೆ.

ಇನ್ನೊಂದು ಕ್ರಮ ಕಿಣ್ವದಿಂದ ಬಿಡಿಸುವುದು. ಕೊಲಾಜನೇಸ್, ಡಿಸ್ಪೇಸ್ ಮುಂತಾದ ಕಿಣ್ವಗಳಲ್ಲಿ ಅಂಗಾಂಶವನ್ನು 37 ಡಿಗ್ರಿಯಲ್ಲಿ ನೆನೆಸಿ, ಸತ್ತ ಕೋಶಗಳಿಂದ ಸೋರುವ ಅಂಟಂಟಾದ ಡಿಎನ್‌ಎಯನ್ನು ಕರಗಿಸಲು ಡಿಎನ್‌ಏಸ್ ಸೇರಿಸಿ, ಜಾಲರಿಯಲ್ಲಿ ಸೋಸಿ ಬಿಡಿಬಿಡಿ ಕೋಶಗಳನ್ನು ಪಡೆಯುತ್ತಾರೆ. ಇದರಲ್ಲಿ ಕೋಶಗಳ ಎಣಿಕೆ ಸಿಗುತ್ತದೆ, ಸಿಡಿ45 ಎಂಬ ಗುರುತಿನ ಪ್ರೋಟೀನ್ ಇರುವ ಲಿಂಫೋಸೈಟ್‌ಗಳನ್ನು ಕಾಂತೀಯ ಮಣಿಗಳಿಂದ ಹೊರತೆಗೆಯಬಹುದು, ಎಪಿಕ್ಯಾಮ್ ಎಂಬ ಪ್ರೋಟೀನ್ ಇರುವ ಎಪಿಥೀಲಿಯಲ್ ಕೋಶಗಳನ್ನು ಆರಿಸಿಕೊಳ್ಳಬಹುದು, ಔಷಧ ಪರೀಕ್ಷೆಗೆ ಸಮ ಸಂಖ್ಯೆಯಲ್ಲಿ ಹಂಚಬಹುದು. ಆದರೆ ಕಿಣ್ವದಲ್ಲಿ ಹೊತ್ತು ಮೀರಿದರೆ ಸೂಕ್ಷ್ಮವಾದ ಎಪಿಥೀಲಿಯಲ್ ಕೋಶಗಳೇ ಮೊದಲು ಸಾಯುತ್ತವೆ, ನಾರಿನ ಅಂಗಾಂಶದ ಗಟ್ಟಿಮುಟ್ಟಾದ ಫೈಬ್ರೋಬ್ಲಾಸ್ಟ್‌ಗಳು ಉಳಿಯುತ್ತವೆ. ಮಣಿಗಳ ಖರ್ಚೂ ಕಡಿಮೆಯಲ್ಲ. ಚೂರು ಚಿಕ್ಕದಿದ್ದು ಕೈ ಹೊಸದಾಗಿದ್ದರೆ ನಾನು ಎಕ್ಸ್‌ಪ್ಲಾಂಟ್ ಕಡೆಗೇ ವಾಲುತ್ತೇನೆ. ಗಡ್ಡೆ ದೊಡ್ಡದಾಗಿದ್ದು ಕೋಶಗಳನ್ನು ಒಂದೊಂದಾಗಿ ಎಣಿಸಿ ಗುರುತಿಸುವ ಫ್ಲೋ ಸೈಟೋಮೆಟ್ರಿಯ ಸೌಲಭ್ಯ ಹತ್ತಿರದಲ್ಲಿದ್ದರೆ ಅರ್ಧವನ್ನು ಕಿಣ್ವಕ್ಕೆ ಕೊಡಬಹುದು.

ಎರಡೂ ಕ್ರಮಗಳಿಗೆ ಒಬ್ಬನೇ ಶತ್ರು, ಫೈಬ್ರೋಬ್ಲಾಸ್ಟ್. ಹತ್ತು ಶೇಕಡ ಸೀರಂ (ರಕ್ತದ ತಿಳಿ) ಇರುವ ಮೀಡಿಯಂ ಅದಕ್ಕೆ ಹಬ್ಬದೂಟ. ಎರಡು ಮೂರು ವಾರಗಳಲ್ಲಿ ತಟ್ಟೆಯನ್ನೆಲ್ಲ ಆಕ್ರಮಿಸುತ್ತದೆ. ಸೀರಂ ಇಲ್ಲದ, ಕ್ಯಾಲ್ಸಿಯಂ ಕಡಿಮೆಯಿರುವ ಕೆರಟಿನೋಸೈಟ್ ಮೀಡಿಯಂ ಬಳಸುವುದು, ಟ್ರಿಪ್ಸಿನ್ ಕಿಣ್ವ ಹಾಕಿದಾಗ ಬೇಗ ಬಿಡುವ ಫೈಬ್ರೋಬ್ಲಾಸ್ಟ್‌ಗಳನ್ನು ಮೊದಲು ತೊಳೆದುಹಾಕಿ ಬಿಗಿಯಾಗಿ ಅಂಟಿರುವ ಎಪಿಥೀಲಿಯಲ್ ಕೋಶಗಳನ್ನು ಉಳಿಸಿಕೊಳ್ಳುವುದು ಇದಕ್ಕಿರುವ ಉಪಾಯಗಳು. ಇಲ್ಲಿ ಥೈಮೋಮಾದ ವಿಶೇಷ ಬಲೆಯೊಂದಿದೆ. ಸಾಮಾನ್ಯವಾಗಿ ಉದ್ದನೆಯ ಕೋಶ ಕಂಡರೆ ಫೈಬ್ರೋಬ್ಲಾಸ್ಟ್, ನೆಲಹಾಸಿನ ಕಲ್ಲುಗಳಂತೆ ಹೊಂದಿಕೊಂಡಿದ್ದರೆ ಎಪಿಥೀಲಿಯಲ್ ಎಂದು ಕಣ್ಣಳತೆಯಲ್ಲಿ ಹೇಳುತ್ತೇವೆ. ಆದರೆ ಎ ಬಗೆಯ ಥೈಮೋಮಾದಲ್ಲಿ ಗಡ್ಡೆಯ ಕೋಶವೇ ಕದಿರಿನಾಕಾರದ್ದು. ನಮಗೆ ಬೇಕಾದ ಕೋಶವನ್ನೇ ನಾವು ಫೈಬ್ರೋಬ್ಲಾಸ್ಟ್ ಎಂದು ಎಸೆಯುವ, ಅಥವಾ ಫೈಬ್ರೋಬ್ಲಾಸ್ಟನ್ನೇ ಗಡ್ಡೆಯೆಂದು ತಿಂಗಳುಗಟ್ಟಲೆ ಸಾಕುವ ಸಾಧ್ಯತೆ ಇರುವುದರಿಂದ, ಕವರ್‌ಸ್ಲಿಪ್ ಮೇಲೆ ಬೆಳೆಸಿದ ಕೋಶಗಳಿಗೆ ಕೆರಟಿನ್ ಮತ್ತು ಪಿ63 ಪ್ರೋಟೀನುಗಳಿಗೆ ಸ್ಟೇನ್ (ಬಣ್ಣದ ಪರೀಕ್ಷೆ) ಮಾಡದೆ ಯಾವ ತೀರ್ಮಾನಕ್ಕೂ ಬರಬಾರದು.

ಕೆರಟಿನ್ ಬಂದರೂ ಕೆಲಸ ಮುಗಿಯುವುದಿಲ್ಲ. ಗಡ್ಡೆಯ ಪಕ್ಕದ ಆರೋಗ್ಯವಂತ ಥೈಮಸ್ ಎಪಿಥೀಲಿಯಲ್ ಕೋಶಗಳಲ್ಲೂ ಕೆರಟಿನ್ ಇರುತ್ತದೆ. ಎ ಮತ್ತು ಎಬಿ ಬಗೆಗಳಿಗೆ ಇದರಲ್ಲಿ ಒಂದು ಅನುಕೂಲವಿದೆ: ಅವುಗಳಲ್ಲಿ ಹೆಚ್ಚಿನವುಗಳ ಜಿಟಿಎಫ್2ಐ ಜೀನಿನಲ್ಲಿ ಒಂದೇ ನಿರ್ದಿಷ್ಟ ಜಾಗದ ಬದಲಾವಣೆ ಇರುವುದನ್ನು 2014ರಲ್ಲಿ ವರದಿ ಮಾಡಿದರು. ಮೂಲ ಗಡ್ಡೆಯಲ್ಲಿ ಆ ಬದಲಾವಣೆ ಇದ್ದು, ಬೆಳೆದ ಕೋಶಗಳಲ್ಲೂ ಇದ್ದರೆ, ತಟ್ಟೆಯಲ್ಲಿರುವುದು ಗಡ್ಡೆಯದೇ ಎಂದು ಧೈರ್ಯವಾಗಿ ಹೇಳಬಹುದು.

ಫೀಡರ್ ಕೋಶಗಳ ಮೇಲೆ

ಬೆಳವಣಿಗೆ ನಿಲ್ಲಿಸಿದ ಇಲಿಯ 3ಟಿ3 ಕೋಶಗಳ ಹಾಸಿನ ಮೇಲೆ ಮಾನವ ಎಪಿಥೀಲಿಯಲ್ ಕೋಶಗಳನ್ನು ಬೆಳೆಸುವ ಕ್ರಮ 1975ರಷ್ಟು ಹಳೆಯದು. ಅದಕ್ಕೆ ರಾಕ್ ಎಂಬ ಕಿಣ್ವವನ್ನು ತಡೆಯುವ ವೈ-27632 ಎಂಬ ರಾಸಾಯನಿಕವನ್ನು ಸೇರಿಸಿ ಕೋಶಗಳ ಆಯಸ್ಸನ್ನು ಹೆಚ್ಚಿಸುವ ಕ್ರಮ 2012ರಿಂದ ಪ್ರಚಾರಕ್ಕೆ ಬಂತು. ಸಾಮಾನ್ಯ ಪ್ರೈಮರಿ ಕಲ್ಚರ್ ನಾಲ್ಕೈದು ಪ್ಯಾಸೇಜಿಗೆ (ತಟ್ಟೆ ತುಂಬಿದಾಗ ಕೋಶಗಳನ್ನು ಹೊಸ ತಟ್ಟೆಗೆ ಹಂಚುವುದು) ಸುಸ್ತಾಗುವಲ್ಲಿ ಈ ಕ್ರಮದಲ್ಲಿ ಕೋಶಗಳನ್ನು ಬಹಳ ಕಾಲ ಹೆಚ್ಚಿಸಿಕೊಳ್ಳಬಹುದು. ಗಾಮಾ ವಿಕಿರಣದ ಸೌಲಭ್ಯ ಇಲ್ಲದ ಕಡೆ ಮೈಟೋಮೈಸಿನ್ ಸಿ ಹಾಕಿ ಇಲಿಯ ಕೋಶಗಳ ಬೆಳವಣಿಗೆ ನಿಲ್ಲಿಸಿ ಫೀಡರ್ ತಯಾರಿಸಬಹುದಾದ್ದರಿಂದ ಕೋಲಾರದಲ್ಲೂ ಇದು ಅಸಾಧ್ಯವಲ್ಲ. ಆದರೆ ಈ ಹಾಸು ಆರೋಗ್ಯವಂತ ಎಪಿಥೀಲಿಯಲ್ ಕೋಶಗಳಿಗೂ ಅಷ್ಟೇ ಪ್ರಿಯ. ಅವು ನಿಧಾನಿ ಥೈಮೋಮಾ ಕೋಶಗಳನ್ನು ಹಿಂದಿಕ್ಕಿ ಮುಂದೆ ಹೋಗಬಹುದು. ಇಲಿಯ ಡಿಎನ್‌ಎ ಮಾದರಿಯಲ್ಲಿ ಬೆರೆಯುವುದರಿಂದ ಜೀನ್ ಪರೀಕ್ಷೆಯ ಫಲಿತಾಂಶವನ್ನೂ ಶೋಧಿಸಬೇಕಾಗುತ್ತದೆ. ಎಕ್ಸ್‌ಪ್ಲಾಂಟ್‌ನಲ್ಲಿ ಕೈ ಕುದುರಿದ ಮೇಲೆ, ಗುರುತು ಪರೀಕ್ಷೆಯ ವ್ಯವಸ್ಥೆ ಇರುವವರು ಮಾತ್ರ ಇದಕ್ಕೆ ಇಳಿಯಲಿ.

ಮೂರು ಆಯಾಮ, ಇಲಿ, ಮತ್ತು ಕಲ್ಚರ್ ಮಾಡದಿರುವುದು

ಟಿ ಕೋಶಗಳ ಜೊತೆ ಗಡ್ಡೆಯ ಸಂಬಂಧವೇನು, ಮಯಸ್ತೇನಿಯಾ ಹೇಗೆ ಹುಟ್ಟುತ್ತದೆ ಎಂಬಂಥ ಪ್ರಶ್ನೆಗಳಿಗೆ ಚಪ್ಪಟೆ ತಟ್ಟೆಯ ಕಲ್ಚರ್ ಅಷ್ಟಾಗಿ ಉಪಯೋಗವಿಲ್ಲ. ಥೈಮಸ್ ಎಪಿಥೀಲಿಯಲ್ ಕೋಶಗಳು ಒಂದೇ ಪದರದಲ್ಲಿ ಬೆಳೆದಾಗ ತಮ್ಮ ಮುಖ್ಯ ಜೀನ್ ಆದ ಫಾಕ್ಸ್‌ಎನ್1ರ ಕೆಲಸವನ್ನೂ, ಟಿ ಕೋಶಗಳಿಗೆ ಸೂಚನೆ ಕೊಡುವ ಡೆಲ್ಟಾ ಪ್ರೋಟೀನುಗಳನ್ನೂ ಬೇಗ ಕಳೆದುಕೊಳ್ಳುತ್ತವೆ. ಮೂರು ಆಯಾಮದಲ್ಲಿ ಅವನ್ನು ಹೆಚ್ಚು ಉಳಿಸಿಕೊಳ್ಳುತ್ತವೆ. ಜೆಲ್‌ನೊಳಗಿನ ಪುಟ್ಟ ಅಂಗದಂಥ ಕೋಶಗುಂಪಾದ ಆರ್ಗನಾಯ್ಡ್‌ಗೆ ದುಬಾರಿ ಬೆಳವಣಿಗೆ ಅಂಶಗಳು ಬೇಕು, ಜೆಲ್ ತಣ್ಣಗಿರುವಾಗಲೇ ಕೈಚಳಕದಿಂದ ಕೆಲಸ ಮುಗಿಯಬೇಕು. ಅದಕ್ಕಿಂತ ಸರಳವಾದದ್ದು ಅಂಗಾಂಶದ ತೆಳು ಹೋಳುಗಳನ್ನು ಗಾಳಿ ಮತ್ತು ಮೀಡಿಯಂ ಕೂಡುವ ಮೇಲ್ಮೈಯಲ್ಲಿ, ರಂಧ್ರವಿರುವ ಪೊರೆಯ ಮೇಲಿಟ್ಟು ಕೆಲವು ದಿನ ಕಾಪಾಡುವುದು. ಕೋಶಗಳು ಹೆಚ್ಚುವುದಿಲ್ಲ, ಆದರೆ ಗಡ್ಡೆಯೊಳಗಿನ ಅಕ್ಕಪಕ್ಕದ ಸಂಬಂಧ ಆ ಕೆಲವು ದಿನವಾದರೂ ಉಳಿದಿರುತ್ತದೆ. ಬಿ1, ಬಿ2 ಬಗೆಗೆ ನನ್ನ ಆಯ್ಕೆ ಇದೇ.

ರೋಗನಿರೋಧಕ ಶಕ್ತಿಯಿಲ್ಲದ ಇಲಿಗಳಲ್ಲಿ ಗಡ್ಡೆ ಬೆಳೆಸುವುದಕ್ಕೆ ಪ್ರತ್ಯೇಕ ಪ್ರಾಣಿಗೃಹ, ನೋಂದಣಿ, ಪ್ರಾಣಿ ನೈತಿಕ ಸಮಿತಿ ಎಲ್ಲವೂ ಬೇಕು, ಹೆಚ್ಚಿನ ಥೈಮೋಮಾಗಳು ನಿಧಾನವಾಗಿ ಬೆಳೆಯುವಂಥವು. ಜಿಲ್ಲಾ ಕೇಂದ್ರದ ವಿಭಾಗಕ್ಕೆ ಇದನ್ನು ಶಿಫಾರಸು ಮಾಡಲಾರೆ.

ಕಲ್ಚರ್ ಮಾಡದಿರುವುದೂ ಒಂದು ಆಯ್ಕೆಯೇ. ಅಮೆರಿಕದ ಕ್ಯಾನ್ಸರ್ ಜೀನೋಮ್ ಯೋಜನೆಯಲ್ಲಿ 117 ಥೈಮಸ್ ಗಡ್ಡೆಗಳ ವಿಶ್ಲೇಷಣೆಯನ್ನು 2018ರಲ್ಲಿ ಪ್ರಕಟಿಸಿದ್ದಾರೆ, ಆ ಮಾಹಿತಿ ಸಾರ್ವಜನಿಕವಾಗಿದೆ. ಯಾವ ಜೀನ್ ಯಾವ ಬಗೆಯಲ್ಲಿ ಹೆಚ್ಚು ಎಂಬ ಪ್ರಶ್ನೆಗೆ ಅದು ಮತ್ತು ಪೆಥಾಲಜಿ ವಿಭಾಗದ ಮೇಣದಲ್ಲಿ ಅಡಕಿಸಿಟ್ಟ ಅಂಗಾಂಶದ ಪ್ಯಾರಾಫಿನ್ ಬ್ಲಾಕುಗಳು ಸಾಕು. ಜೀವಂತ ಕೋಶ ಬೇಕಿರುವುದು ಔಷಧಕ್ಕೆ ಕೋಶ ಹೇಗೆ ಪ್ರತಿಕ್ರಿಯಿಸುತ್ತದೆ, ಯಾವ ಪ್ರೋಟೀನ್ ಸ್ರವಿಸುತ್ತದೆ ಎಂಬಂಥ ಪ್ರಶ್ನೆಗಳಿಗೆ.

ಊರಿನ ಪರಿಸ್ಥಿತಿಗೆ ತಕ್ಕಂತೆ

ಇಷ್ಟೆಲ್ಲ ಸೇರಿಸಿ ನೋಡಿದರೆ ಕೋಲಾರದ ವಿಭಾಗಕ್ಕೆ ನನ್ನ ಸಲಹೆ ಹೀಗಿದೆ. ಕೈ ಪಳಗಿಸಲು ಮತ್ತು ಔಷಧ ಪರೀಕ್ಷೆಯ ಕ್ರಮಗಳನ್ನು ಸ್ಥಿರಪಡಿಸಲು ಒಂದು ಸೆಲ್ ಲೈನ್ ಇರಲಿ. ಎ, ಬಿ3 ಅಥವಾ ಕಾರ್ಸಿನೋಮಾ ಮಾದರಿ ಬಂದಾಗ ಎಕ್ಸ್‌ಪ್ಲಾಂಟ್ ಮಾಡಿ, ಮೊದಲ ಮೂರು ಪ್ಯಾಸೇಜಿನೊಳಗೆ ಪ್ರಯೋಗ ಮುಗಿಸಲಿ. ಬಿ1 ಬಂದರೆ ಎಪಿಥೀಲಿಯಲ್ ಕೋಶಕ್ಕಾಗಿ ಹೆಣಗದೆ ಹೋಳು ಕಲ್ಚರ್ ಮತ್ತು ಲಿಂಫೋಸೈಟ್ ಅಧ್ಯಯನಕ್ಕೆ ಕೊಡಲಿ. ‘ಹೊಸ ಸೆಲ್ ಲೈನ್ ಸ್ಥಾಪಿಸುವುದು’ ಎಂಬ ಗುರಿಯ ಮೇಲೆ ಒಬ್ಬ ವಿದ್ಯಾರ್ಥಿಯ ಇಡೀ ಪ್ರಬಂಧವನ್ನು ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ. ಅದು ಆದರೆ ಆಯಿತು, ಆಗದಿದ್ದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಯಾವ ವಿಧಾನವಾದರೂ ಬಂದ ಮಾದರಿಯ ಒಂದು ಭಾಗವನ್ನು ಅದೇ ದಿನ ಹೆಪ್ಪುಗಟ್ಟಿಸಬೇಕು: ಸೀರಂನಲ್ಲಿ, ಕೋಶಗಳನ್ನು ಹಿಮಹರಳಿನಿಂದ ಕಾಯುವ ಹತ್ತು ಶೇಕಡ ಡಿಎಂಎಸ್‌ಓ ಬೆರೆಸಿ, ನಿಮಿಷಕ್ಕೆ ಒಂದು ಡಿಗ್ರಿಯಂತೆ ತಣಿಸಿ, ಮೈನಸ್ 80ರಿಂದ ದ್ರವ ಸಾರಜನಕಕ್ಕೆ. ಹಸುಗಳ ಕೃತಕ ಗರ್ಭಧಾರಣೆಗಾಗಿ ವೀರ್ಯದ ಕಡ್ಡಿಗಳನ್ನು ದ್ರವ ಸಾರಜನಕದ ಕ್ಯಾನುಗಳಲ್ಲೇ ಇಡುವುದರಿಂದ, ಹೈನುಗಾರಿಕೆಯ ಈ ಜಿಲ್ಲೆಗಳಲ್ಲಿ ಅದರ ಸರಬರಾಜು ತೀರಾ ಅಪರಿಚಿತವೇನಲ್ಲ. ಪಶುವೈದ್ಯರನ್ನು ವಿಚಾರಿಸಿದರೆ ಬೆಂಗಳೂರಿನ ಮಾರಾಟಗಾರರಿಗಿಂತ ಮೊದಲು ದಾರಿ ಸಿಕ್ಕೀತು. ನೀರಿನ ವಿಷಯದಲ್ಲಿ ಮಾತ್ರ ರಾಜಿ ಬೇಡ. ಲವಣವೂ ಫ್ಲೋರೈಡೂ ಹೆಚ್ಚಿರುವ ಇಲ್ಲಿನ ಬೋರ್‌ವೆಲ್ ನೀರು ಡಿಸ್ಟಿಲೇಷನ್ ಯಂತ್ರದಲ್ಲಿ ಬೇಗ ಬಿಳಿ ಪದರ ಕಟ್ಟಿಸುತ್ತದೆ. ಮೀಡಿಯಂ ತಯಾರಿಸಲು ಅತಿಶುದ್ಧ ನೀರನ್ನು ಕೊಳ್ಳುವುದು ಅಥವಾ ದ್ರವ ರೂಪದಲ್ಲೇ ಮೀಡಿಯಂ ತರಿಸುವುದು ಮೇಲು. ಇನ್‌ಕ್ಯುಬೇಟರಿಗೆ ಯುಪಿಎಸ್ ಇರಲೇಬೇಕು.

ಗುಟ್ಟಾಗಿ ಸೇರಿಕೊಳ್ಳುವ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ಪರೀಕ್ಷೆಯನ್ನು ತಿಂಗಳಿಗೊಮ್ಮೆಯಾದರೂ ಮಾಡಬೇಕು. ಕೋಶಭಿತ್ತಿಯೇ ಇಲ್ಲದ ಇದಕ್ಕೆ ಪೆನಿಸಿಲಿನ್ ನಾಟುವುದಿಲ್ಲ, ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿ ಕಾಣುವುದಿಲ್ಲ, ಮೀಡಿಯಂ ಕಲಕಾಗುವುದೂ ಇಲ್ಲ. ಬೆಳೆದ ಕೋಶಗಳ ಎಸ್‌ಟಿಆರ್ ಪ್ರೊಫೈಲನ್ನು (ಡಿಎನ್‌ಎಯ ಬೆರಳಚ್ಚನ್ನು) ಅದೇ ರೋಗಿಯ ರಕ್ತದ ಪ್ರೊಫೈಲ್ ಜೊತೆ ಹೋಲಿಸಿಡಬೇಕು. ಇಲ್ಲದಿದ್ದರೆ ಪಕ್ಕದ ಫ್ಲಾಸ್ಕಿನಲ್ಲಿರುವ, ಬೇಗ ಬೆಳೆಯುವ ಹೀಲಾ ಸೆಲ್ ಲೈನಿನ ಕೋಶಗಳು ಯಾವಾಗ ಒಳನುಸುಳಿದವೆಂದು ತಿಳಿಯುವುದೇ ಇಲ್ಲ.

ಇವೆಲ್ಲಕ್ಕೂ ಮೊದಲು ಆಗಬೇಕಾದ ಕೆಲಸ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಮತ್ತು ರೋಗಿಯ ಲಿಖಿತ ಸಮ್ಮತಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಗಳ ಪ್ರಕಾರ ಸಮ್ಮತಿ ಪತ್ರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ ಕಡೆಯ ಹಲವರ ಮನೆಮಾತು ತೆಲುಗು. ಕನ್ನಡದ ಪ್ರತಿಯೊಂದಿಗೆ ತೆಲುಗಿನದ್ದೂ ಸಿದ್ಧವಿರಲಿ. ಉಳಿದ ಅಂಗಾಂಶವನ್ನು ಹೆಪ್ಪುಗಟ್ಟಿಸಿ ವರ್ಷಗಟ್ಟಲೆ ಇಡುತ್ತೇವೆ, ಅದರಿಂದ ಸೆಲ್ ಲೈನ್ ಆದರೆ ಬೇರೆ ಪ್ರಯೋಗಾಲಯಗಳಿಗೂ ಹೋಗಬಹುದು, ಜೀನ್ ಪರೀಕ್ಷೆಯೂ ನಡೆಯುತ್ತದೆ ಎಂಬ ಮೂರು ವಾಕ್ಯಗಳು ಅದರಲ್ಲಿ ಸ್ಪಷ್ಟವಾಗಿ ಇರಬೇಕು, ಮತ್ತು ಮೂರಕ್ಕೂ ಬೇರೆಬೇರೆಯಾಗಿ ‘ಒಪ್ಪುತ್ತೇನೆ’, ‘ಒಪ್ಪುವುದಿಲ್ಲ’ ಎಂದು ಗುರುತು ಹಾಕಲು ಜಾಗ ಬಿಟ್ಟಿರಬೇಕು.